ಗಿರಗಿಟ್ಲೆ ಮಾಡಿದ ಔಷಧಿ

"ಮುಟ್ಟಬೇಡ! ಕೈ ಹಿಂದಕ್ಕೆ!"

ಅಮ್ಮನ ದನಿ ಕೇಳಿದ್ದೇ ತಡ, ಗಿರಗಿಟ್ಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಆದರೆ ಕಾಲು ಸುಮ್ಮನಿರಬೇಕಲ್ಲ? ಎತ್ತರದ ಸ್ಟೂಲಿನಿಂದ ಜೋತುಬಿದ್ದ ಕಾಲು ಟಕ್ ಟಕ್ ಎಂದು ಮೇಜಿನ ಕಂಬಿಗೆ ಬಡಿಯುತ್ತಲೇ ಇತ್ತು. ಮೇಜಿನ ಮೇಲಿದ್ದ ಗಾಜಿನ ನಳಿಕೆಗಳೆಲ್ಲ ಆ ಬಡಿತಕ್ಕೆ ಕಿಣಿಕಿಣಿ ಎಂದವು.

"ಕಾಲೂ!" ಎಂದಳು ಅಮ್ಮ, ತಲೆ ಎತ್ತದೆ.

ಟೀಚರುಗಳಿಗೆಲ್ಲ ಮೀಟಿಂಗ್ ಇದ್ದುದರಿಂದ ಅವತ್ತು ಶಾಲೆ ಅರ್ಧ ದಿನಕ್ಕೇ ಬಿಟ್ಟಿತ್ತು. ಶಾಲೆಯ ವ್ಯಾನು ಬರುವುದು ಸಂಜೆಗೇ; ಬೇರೆ ದಾರಿಯಿಲ್ಲದೆ ಅಮ್ಮ ಅವಳನ್ನು ತನ್ನ ಲ್ಯಾಬಿಗೆ ಕರೆದುಕೊಂಡು ಬಂದಿದ್ದಳು. ಅಲ್ಲಿ ದಿನವಿಡೀ ಎಲೆಗಳದೇ ಕೆಲಸ. ಎಲೆಗಳನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿ ಸಾರ ತೆಗೆಯುತ್ತಿದ್ದರು. ಸಾರದ ಬಾಟಲಿಗಳ ಮೇಲೆ ಗಿಡದ ಹೆಸರಿಲ್ಲ, ಬರೀ ನಂಬರು.

ಗಿರಗಿಟ್ಲೆ ಅಂತ ಹೆಸರಿಟ್ಟವರು ತಾತ. "ಗಾಳಿ ಇಲ್ಲದಿದ್ರೂ ತಿರುಗೋ ಗಿರಗಿಟ್ಲೆ ನಮ್ಮನೇಲಿ ಮಾತ್ರ ಇರೋದು" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಈಗ ಶಾಲೆಯಲ್ಲಿ ಹಾಜರಿ ಕೂಗುವಾಗ ಬಿಟ್ಟರೆ ಅವಳಿಗೆ ಬೇರೆ ಹೆಸರೇ ಇರಲಿಲ್ಲ.

ಲ್ಯಾಬಿನಲ್ಲಿ ಅಮ್ಮನ ಜೊತೆ ಒಬ್ಬಳು ಅಕ್ಕ ಕೆಲಸ ಮಾಡುತ್ತಿದ್ದಳು. ಕಾಲೇಜು ಮುಗಿಸಿ ಸಂಶೋಧನೆ ಮಾಡುವವಳು. ಕೂದಲಿಗೆ ಕ್ಲಿಪ್ಪಿನ ಬದಲು ಪೆನ್ನು ಸಿಕ್ಕಿಸಿಕೊಂಡು, ಆಮೇಲೆ ಲ್ಯಾಬೆಲ್ಲ ಅದೇ ಪೆನ್ನು ಹುಡುಕುವವಳು. ಗಿರಗಿಟ್ಲೆಯ ಚಡಪಡಿಕೆ ನೋಡಿ ಅವಳಿಗೇ ಅಯ್ಯೋ ಅನ್ನಿಸಿತು.

"ಬಾ, ಒಂದು ಮ್ಯಾಜಿಕ್ ತೋರಿಸ್ತೀನಿ" ಎಂದು ಹಾಳೆ ಸುತ್ತಿದ್ದ ಬಾಟಲಿಯಿಂದ ಒಂದು ನಳಿಕೆಗೆ ಗಾಢ ನೇರಳೆ ಬಣ್ಣದ ನೀರು ಹಾಕಿದಳು. "ಇದರೊಳಗೆ ಜೋಡಿ ಕಳ್ಕೊಂಡಿರೋ ಕಣಗಳಿದಾವೆ. ಆಟದಲ್ಲಿ ಎಲ್ಲರಿಗೂ ಜೋಡಿ ಸಿಕ್ಕಿ, ಒಬ್ಬನಿಗೆ ಮಾತ್ರ ಸಿಗದಿದ್ರೆ ಏನ್ಮಾಡ್ತಾನೆ ಹೇಳು?"

"ಬೇರೆಯವರ ಜೋಡೀನ ಎಳೀತಾನೆ! ನಮ್ಮ ಕ್ಲಾಸಲ್ಲೂ ಒಬ್ಬ ಇದಾನೆ, ದಿನಾ ಅದೇ ಗೋಳು."

"ಇವೂ ಹಾಗೇ. ಸಿಕ್ಕಿದ್ದನ್ನೆಲ್ಲ ಎಳೆದಾಡಿ ಹಾಳು ಮಾಡ್ತವೆ. ನಮ್ಮ ಮೈಯೊಳಗೂ ಇಂಥ ತುಂಟ ಕಣಗಳಿರ್ತವೆ. ಈಗ ನೋಡು, ಇದು ಏಳನೇ ನಂಬರ್ ಎಲೆಯ ಸಾರ."

ಅಕ್ಕ ಹನಿ ಹನಿಯಾಗಿ ಬಿಟ್ಟಳು. ನೇರಳೆ ಬಣ್ಣ ತಿಳಿಯಾಯಿತು. ಮತ್ತಷ್ಟು ತಿಳಿಯಾಯಿತು. ನೋಡುನೋಡುತ್ತಿದ್ದ ಹಾಗೆ ನೇರಳೆ ಪೂರ್ತಿ ಮಾಯವಾಗಿ, ನಳಿಕೆಯಲ್ಲಿ ತೆಳು ಹಳದಿ ನೀರು ಉಳಿಯಿತು.

ಗಿರಗಿಟ್ಲೆಯ ಕಾಲು ತಾನಾಗಿಯೇ ನಿಂತುಹೋಯಿತು.

"ಎಲೆಯೊಳಗೆ ಫ್ಲೇವನಾಯ್ಡ್ ಅಂತ ಇರುತ್ತೆ" ಎಂದಳು ಅಕ್ಕ. "ಅದು ತಾನೇ ಕೈ ಚಾಚಿ, 'ಬಾರೋ, ನಾನಿದೀನಿ' ಅನ್ನುತ್ತೆ. ತುಂಟ ತೆಪ್ಪಗಾಗ್ತಾನೆ. ಈ ಗುಣಕ್ಕೇ ಆಂಟಿಆಕ್ಸಿಡೆಂಟ್ ಅನ್ನೋದು. ಏಳನೇ ನಂಬರ್ ಅಂತೂ ಉಳಿದ ಎಲ್ಲಾ ಎಲೆನೂ ಸೋಲಿಸಿಬಿಟ್ಟಿದೆ!"

"ಅಕ್ಕಾ, ಆ ತುಂಟ ಕಣ ಹಾರ್ಟಲ್ಲೂ ಇರ್ತವಾ?"

"ಹೂಂ, ಎಲ್ಲಾ ಕಡೆ ಇರ್ತವೆ. ಆದ್ರೆ..."

ಅಷ್ಟರಲ್ಲಿ ಅಕ್ಕನ ಫೋನು ಹೊಡೆದುಕೊಂಡಿತು. "ಇರು, ಮಿಕ್ಕಿದ್ದು ಆಮೇಲೆ ಹೇಳ್ತೀನಿ" ಎಂದು ಅವಳು ಹೊರಗೆ ಓಡಿದಳು.

ಗಿರಗಿಟ್ಲೆಗೆ 'ಆಮೇಲೆ' ಎಂಬ ಮಾತು ಕಂಡರೇ ಆಗದು. ಅವಳ ಕಣ್ಣು ಆಗಲೇ ಮೇಜಿನ ಆ ತುದಿಗೆ ಹೋಗಿತ್ತು. ಅಲ್ಲಿ ಟ್ರೇಯಲ್ಲಿ ಏಳನೇ ನಂಬರಿನ ಒಣಗಿದ ರೆಂಬೆ ಇತ್ತು. ಮೂರು ಮೂಲೆಯ ಎಲೆ, ಕೆಂಪು ಕೆಂಪು ತೊಟ್ಟು.

ಇದನ್ನು ಎಲ್ಲೋ ನೋಡಿದ್ದೇನಲ್ಲ! ಎಲ್ಲಿ?

ಹೊಳೆಯಿತು. ಮನೆಯ ಹಿಂದಿನ ಗೋಡೆಗೆ ಹಬ್ಬಿದ್ದ ಬಳ್ಳಿ!

* * *

ತಾತ ಜೀವನವೆಲ್ಲ ಬಸ್ಸು ಓಡಿಸಿದವರು. ರಿಟೈರಾದ ಮೇಲೆ ಅವರ ಡ್ಯೂಟಿ ಗಿರಗಿಟ್ಲೆಯನ್ನು ಶಾಲೆಗೆ ಬಿಡುವುದು. ನೆಟ್ಟಗಿನ ದಾರಿ ಬಿಟ್ಟು, ಸುತ್ತು ಹಾಕಿ, ಸಿಕ್ಕ ಸಿಕ್ಕ ತಿರುವಿನಲ್ಲಿ "ಪೊಂಯ್ ಪೊಂಯ್" ಎಂದು ಬಾಯಲ್ಲೇ ಹಾರನ್ ಹೊಡೆದು, ಇಬ್ಬರೂ ನಡೆದೇ ಹೋಗುತ್ತಿದ್ದರು. ಈಗ ಅದೆಲ್ಲ ಇಲ್ಲ. ತಾತನ ಹಾರ್ಟು ವೀಕಾಗಿದೆ. ಮಹಡಿಯ ಮೆಟ್ಟಿಲಿಳಿದು ಗೇಟಿಗೆ ಹೋಗುವಷ್ಟರಲ್ಲಿ ಉಸಿರು ಮೇಲೆ ಕೆಳಗೆ ಆಗುತ್ತದೆ. ಗಿರಗಿಟ್ಲೆ ಶಾಲೆಯ ವ್ಯಾನಿನಲ್ಲಿ, ಹತ್ತು ಬ್ಯಾಗುಗಳ ನಡುವೆ ಹಪ್ಪಳವಾಗಿ ಹೋಗುತ್ತಾಳೆ.

ಆ ಸಂಜೆ ಅಮ್ಮ ಅಡುಗೆಮನೆಯಲ್ಲಿ ಫೋನಿನಲ್ಲಿ ಅಪ್ಪನ ಜೊತೆ ಮಾತಾಡುತ್ತಿದ್ದಳು. ಅಪ್ಪನದು ಲಾರಿ ಕೆಲಸ. ಲೋಡು ತೆಗೆದುಕೊಂಡು ಹೊರಟರೆ ಬೇಗ ವಾಪಸ್ ಬರುವುದಿಲ್ಲ.

"ಮಾತ್ರೆ ತಗೋತಿದಾರೆ, ಆದ್ರೂ ಸುಸ್ತು ಕಮ್ಮಿ ಆಗ್ತಿಲ್ಲ" ಎಂದಳು ಅಮ್ಮ. "ನಂಗ್ಯಾಕೋ ಭಯ ಆಗುತ್ತೆ."

ಬಾಗಿಲ ಮರೆಯಲ್ಲಿ ನಿಂತಿದ್ದ ಗಿರಗಿಟ್ಲೆ ಇನ್ನಷ್ಟು ಗೋಡೆಗೆ ಒತ್ತಿಕೊಂಡಳು. ಅಮ್ಮನಿಗೂ ಭಯ ಆಗುತ್ತದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ಆ ನಳಿಕೆಯಲ್ಲಿ ಬಣ್ಣ ಎಷ್ಟು ಬೇಗ ಹೋಯಿತು! ಕಣ್ಣ ಮುಂದೆಯೇ! ಎಲೆ ಹಿತ್ತಲಲ್ಲೇ ಇದೆ, ತಾತ ಒಳಗೇ ಇದ್ದಾರೆ. ಇನ್ನು ಯಾಕೆ ಕಾಯಬೇಕು? ಅಮ್ಮನನ್ನು ಕೇಳಿದರೆ "ನಿಂಗ್ಯಾಕೆ ಅದೆಲ್ಲ, ಹೋಗಿ ಹೋಮ್‌ವರ್ಕ್ ಮಾಡು" ಅನ್ನುತ್ತಾಳೆ. ಅದಂತೂ ಗ್ಯಾರಂಟಿ.

* * *

ಮಾರನೆಯ ದಿನ ಶಾಲೆಗೆ ರಜೆ. ಅಮ್ಮ ಲ್ಯಾಬಿಗೆ ಹೊರಟು, ಗೇಟಿನ ಚಿಲಕ ಸದ್ದು ಮಾಡಿದ್ದೇ ತಡ, ಗಿರಗಿಟ್ಲೆ ಹಿತ್ತಲಿಗೆ ಓಡಿದಳು. ಮೂರು ಮೂಲೆಯ ಎಲೆ, ಕೆಂಪು ತೊಟ್ಟು. ಅದೇ! ಎರಡು ಹಿಡಿ ಕಿತ್ತು ತಂದು, ಲಟ್ಟಣಿಗೆಯ ತುದಿಯಿಂದ ಲೋಟದೊಳಗೇ ಜಜ್ಜಿದಳು. ಫ್ಲಾಸ್ಕಿನಲ್ಲಿದ್ದ ಬಿಸಿನೀರು ಹಾಕಿದಳು. ಟೀ ಸೋಸುವ ಜಾಲರಿಯಲ್ಲಿ ಸೋಸಿದಳು. ಮೂಸಿ ನೋಡಿ, ಮುಖ ಕಿವುಚಿ, ಸಕ್ಕರೆ ಸುರಿದಳು.

ತಾತ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ರಸ್ತೆಯ ಬಸ್ಸುಗಳನ್ನು ನೋಡುತ್ತಿದ್ದರು.

"ಇದೇನೇ ಇದು? ಅಕ್ವೇರಿಯಂ ತೊಳೆದ ನೀರಾ?"

"ಕುಡಿ ತಾತ, ಆಂಟಿಆಕ್ಸಿಡೆಂಟ್!"

"ಆಂಟಿ ಆಕ್ಸಿಡೆಂಟಾ?" ತಾತನ ಹುಬ್ಬು ಮೇಲೇರಿತು. "ಅಷ್ಟು ವರ್ಷ ಬಸ್ ಓಡಿಸಿದೀನಿ. ಆಂಟಿಗೂ ಮಾಡಿಲ್ಲ, ಅಂಕಲ್‌ಗೂ ಮಾಡಿಲ್ಲ. ನನ್ನ ಮೇಲೆ ಒಂದೇ ಒಂದು ಆಕ್ಸಿಡೆಂಟ್ ಕೇಸಿಲ್ಲ, ಕಣಮ್ಮ!"

"ತಮಾಷೆ ಬೇಡ ತಾತ. ಲ್ಯಾಬಲ್ಲಿ ನಾನೇ ನೋಡಿದೀನಿ. ಇದು ನಿನ್ನ ಹಾರ್ಟಲ್ಲಿರೋ ತುಂಟರನ್ನೆಲ್ಲ ತೆಪ್ಪಗೆ ಕೂರಿಸುತ್ತೆ. ಆಮೇಲೆ ನೀನೇ ನನ್ನ ಸ್ಕೂಲಿಗೆ ಬಿಡಬಹುದು."

ತಾತ ಅವಳ ಮುಖ ನೋಡಿದರು. ಲೋಟ ನೋಡಿದರು. ಕಣ್ಣು ಮುಚ್ಚಿ ಗಟಗಟ ಕುಡಿದುಬಿಟ್ಟರು.

"ಹೆಂಗಿದೆ?"

"ಡೀಸೆಲ್ ಇದಕ್ಕಿಂತ ವಾಸಿ" ಎಂದರು.

ಗಿರಗಿಟ್ಲೆ ಕುರ್ಚಿಯ ಸುತ್ತ ತಿರುಗತೊಡಗಿದಳು. "ಈಗ ಹೆಂಗನಿಸ್ತಿದೆ? ಈಗ? ಈಗ?"

ಮೊದಮೊದಲು ತಾತ ನಗುತ್ತಿದ್ದರು. ಆಮೇಲೆ ನಗು ನಿಂತಿತು. ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಏಳಲು ಹೋದವರು ಏಳಲಾಗದೆ, ಕೂತಲ್ಲೇ ಬಗ್ಗಿ ಹಸಿರು ಹಸಿರಾಗಿ ವಾಂತಿ ಮಾಡಿದರು.

"ತಾತಾ!"

"ಏನಿಲ್ಲ... ಏನಿಲ್ಲ ಪುಟ್ಟಿ..." ಎಂದರು. ಆದರೆ ಅವರ ತುಟಿ ಬೆಳ್ಳಗಾಗಿತ್ತು.

ಗಿರಗಿಟ್ಲೆ ಮೆಟ್ಟಿಲನ್ನು ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಕೆಳಗಿನ ಮನೆಯ ಟೈಲರ್ ಮಾಮ ಹೊಲಿಗೆ ಮಿಷನ್ನು ತುಳಿಯುತ್ತಿದ್ದವರು, ಅವಳ ಮುಖ ನೋಡಿದವರೇ ಕಾಲು ತೆಗೆದರು. ಕತ್ತಿನಲ್ಲಿ ಅಳತೆ ಟೇಪು ನೇತಾಡುತ್ತಿದ್ದ ಹಾಗೇ ಓಡಿ ಬಂದರು. ತಾತನನ್ನು ತಬ್ಬಿ ಇಳಿಸಿ ತಮ್ಮ ಹಳೇ ಕಾರಿನಲ್ಲಿ ಮಲಗಿಸಿದರು. ಅಮ್ಮನಿಗೆ ಫೋನು ಮಾಡಿದ್ದೂ ಅವರೇ.

ಕಾರಿನಲ್ಲಿ ತಾತ ಗಿರಗಿಟ್ಲೆಯ ಕೈಯನ್ನು ಮೆಲ್ಲಗೆ ಒತ್ತಿದರು. "ಎಲೆ ನೀರಿನ ವಿಷಯ ಯಾರಿಗೂ ಹೇಳಬೇಡ" ಎಂದು ಪಿಸುಗುಟ್ಟಿದರು. "ಅಮ್ಮ ಬಯ್ತಾಳೆ. ನಾನು ನೋಡ್ಕೋತೀನಿ."

* * *

ಆಸ್ಪತ್ರೆಯಲ್ಲಿ ತಾತನ ಎದೆಗೆ ವೈರುಗಳನ್ನು ಅಂಟಿಸಿದರು. ಮೇಲಿದ್ದ ಪರದೆಯ ಮೇಲೆ ಒಂದು ಹಸಿರು ಗೆರೆ ಕುಂಟುತ್ತಾ ಓಡುತ್ತಿತ್ತು. ಟಿಕ್... ಟಿಕ್‌ಟಿಕ್... ತುಂಬ ಹೊತ್ತು ಏನೂ ಇಲ್ಲ... ಟಿಕ್. ಅದು ನಿಂತಾಗಲೆಲ್ಲ ಗಿರಗಿಟ್ಲೆಯ ಉಸಿರೂ ನಿಲ್ಲುತ್ತಿತ್ತು.

"ಬೆಳಿಗ್ಗೆಯಿಂದ ಏನು ತಿಂದ್ರಿ ಯಜಮಾನ್ರೇ?" ಡಾಕ್ಟರಮ್ಮ ಕೇಳಿದರು.

"ಬ್ರೆಡ್ಡು, ಹಾಲು. ಅಷ್ಟೇ."

"ಬೇರೆ ಏನಾದ್ರೂ ಕುಡಿದ್ರಾ? ಯೋಚನೆ ಮಾಡಿ ಹೇಳಿ."

ತಾತ ಗಿರಗಿಟ್ಲೆಯ ಕಡೆ ನೋಡಲೇ ಇಲ್ಲ. "ಏನಿಲ್ಲ ಡಾಕ್ಟ್ರೇ."

ಡಾಕ್ಟರಮ್ಮ ಹಸಿರು ಗೆರೆ ನೋಡಿ, ಪಕ್ಕದಲ್ಲಿದ್ದ ನರ್ಸಿಗೆ ಹೇಳಿದರು: "ಇವರ ಮಾತ್ರೆ ಸಾಲ್ತಿಲ್ಲ ಅನ್ಸುತ್ತೆ. ಇಂಜೆಕ್ಷನ್ ರೆಡಿ ಮಾಡಿ ಸಿಸ್ಟರ್."

ಸಿಸ್ಟರ್ ಸಿರಿಂಜು ಬಿಚ್ಚಿದರು. ಗಿರಗಿಟ್ಲೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಹೇಳಲಾ? ತಾತ ಬೇಡ ಅಂದಿದ್ದಾರೆ. ಹೇಳಿದರೆ ಎಲ್ಲರೂ ತಿರುಗಿ ತನ್ನನ್ನೇ ನೋಡುತ್ತಾರೆ. ಹೇಳದಿದ್ದರೆ? ಸಿಸ್ಟರ್ ಔಷಧಿಯ ಪುಟ್ಟ ಬಾಟಲಿಯನ್ನು ಬೆಳಕಿಗೆ ಹಿಡಿದರು. ಪರದೆಯ ಮೇಲಿನ ಗೆರೆ ಮತ್ತೆ ನಿಂತಿತು. ಇನ್ನೂ ನಿಂತೇ ಇತ್ತು.

"ಸುಳ್ಳು!" ಗಿರಗಿಟ್ಲೆ ಕೂಗಿಬಿಟ್ಟಳು. "ತಾತ ಸುಳ್ಳು ಹೇಳ್ತಿದಾರೆ! ನಾನು ಎಲೆ ರಸ ಕುಡಿಸಿದೆ! ಲೋಟದ ತುಂಬ ಕುಡಿಸಿದೆ!"

ಸಿಸ್ಟರ್ ಕೈ ಹಾಗೇ ನಿಂತಿತು. ತಾತ ಕಣ್ಣು ಮುಚ್ಚಿಕೊಂಡರು. ಡಾಕ್ಟರಮ್ಮ ಬಯ್ಯಲಿಲ್ಲ. ಬಗ್ಗಿ ಅವಳ ಮುಖದ ಸಮಕ್ಕೆ ಬಂದರು.

"ಯಾವ ಎಲೆ?"

"ಗೊತ್ತಿಲ್ಲ. ಏಳನೇ ನಂಬರ್... ನಮ್ಮ ಮನೆ ಹಿಂದೆ ಇದೆ..."

"ನಂಗೆ ಆ ಎಲೆ ಬೇಕು. ಈಗಲೇ ಬೇಕು."

ಟೈಲರ್ ಮಾಮನ ಕಾರು ಅವತ್ತು ಹೋದಷ್ಟು ಜೋರಾಗಿ ಯಾವತ್ತೂ ಹೋಗಿರಲಿಲ್ಲ. ಹೋಗುವಾಗ ಎಲ್ಲಾ ಸಿಗ್ನಲ್ಲೂ ಹಸಿರಿತ್ತು. ಬಳ್ಳಿಯನ್ನು ಬೇರಿನ ಹತ್ತಿರವೇ ಮುರಿದುಕೊಂಡು, ಜಾಲರಿಯಲ್ಲಿ ಉಳಿದಿದ್ದ ಎಲೆಯ ಚರಟವನ್ನೂ ಕವರಿಗೆ ಸುರಿದುಕೊಂಡು ವಾಪಸ್ ಬರುವಾಗ ಎಲ್ಲಾ ಕಡೆ ಕೆಂಪು. ಕೆಂಪು ದೀಪದ ಮುಂದೆ ಕಾರು ಗುರುಗುಟ್ಟುತ್ತಾ ನಿಂತಾಗ ಗಿರಗಿಟ್ಲೆಗೆ ಬಾಗಿಲು ತೆಗೆದು ಓಡಿಬಿಡೋಣ ಅನ್ನಿಸಿತು.

"ಬೇಗ ಮಾಮ, ಬೇಗ!"

"ನನ್ನ ಕೈಲಿದ್ರೆ ಆ ಲೈಟಿಗೂ ಹಸಿರು ಬಟ್ಟೆ ಹೊಲಿದು ಹಾಕ್ತಿದ್ದೆ ಪುಟ್ಟಿ" ಎಂದರು ಟೈಲರ್ ಮಾಮ. ಆದರೆ ಅವರ ಕಣ್ಣು ಕೆಂಪು ದೀಪ ಬಿಟ್ಟು ಕದಲಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಲ್ಯಾಬಿನ ಬಿಳಿ ಕೋಟನ್ನೂ ಬಿಚ್ಚದೆ ಬಂದಿದ್ದಳು. ಗಿರಗಿಟ್ಲೆಯ ಕೈಯಿಂದ ಬಳ್ಳಿ ಕಿತ್ತುಕೊಂಡು, ಎಲೆ ಮಗುಚಿ ನೋಡಿದಳು. ಬೆರಳಿಂದ ಸವರಿದಳು.

"ಇದು ನಮ್ಮ ಎಲೆ ಅಲ್ಲ" ಎಂದಳು. "ನಮ್ಮದರ ಅಡಿಭಾಗ ನುಣ್ಣಗಿರುತ್ತೆ. ಇದರಲ್ಲಿ ರೋಮ ಇದೆ. ಇದು ಬೇರೇನೇ." ಆಮೇಲೆ ಕವರನ್ನೂ ಎಳೆದುಕೊಂಡು ಒಳಗೆ ಓಡಿದಳು.

* * *

ಕಾರಿಡಾರಿನ ಬೆಂಚಿನ ಮೇಲೆ ಕೂತ ಗಿರಗಿಟ್ಲೆಗೆ ಕಾಲ ಮುಂದಕ್ಕೇ ಹೋಗಲಿಲ್ಲ. ಎದ್ದಳು, ಕೂತಳು. ನೀರಿನ ನಲ್ಲಿಯ ತನಕ ಹೋದಳು, ಕುಡಿಯದೆ ಬಂದಳು. ಬಾಗಿಲಿನ ಗಾಜಿನಲ್ಲಿ ಇಣುಕಿದರೆ ಕಾಣುತ್ತಿದ್ದುದು ಡಾಕ್ಟರಮ್ಮನ ಬೆನ್ನು ಮಾತ್ರ. ಅವರು ಒಂದು ಕೈಯಲ್ಲಿ ಎಲೆ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ವಿಷದ ಬಗ್ಗೆ ತಿಳಿದವರ ಜೊತೆ ಮಾತಾಡುತ್ತಿದ್ದರು.

ಕೊನೆಗೂ ಬಾಗಿಲು ತೆರೆಯಿತು.

"ಈ ಎಲೆಯೂ ಅವರ ಮಾತ್ರೆಯೂ ಸೇರಿ ಹಾರ್ಟಿನ ತಾಳ ತಪ್ಪಿಸಿಬಿಟ್ಟಿತ್ತು" ಎಂದರು ಡಾಕ್ಟರಮ್ಮ. "ಈಗ ಅದಕ್ಕೆ ಬೇಕಾದ್ದು ಕೊಟ್ಟಿದೀವಿ. ಬಡಿತ ಸರಿಹೋಗ್ತಾ ಇದೆ. ನಾನು ಮೊದಲು ಕೊಡಬೇಕು ಅಂತಿದ್ದ ಇಂಜೆಕ್ಷನ್ ಕೊಟ್ಟಿದ್ರೆ ಇನ್ನೂ ಕೆಡ್ತಿತ್ತು." ಗಿರಗಿಟ್ಲೆಯನ್ನು ಒಂದು ಗಳಿಗೆ ನೋಡಿದರು. "ನೀನು ಹೇಳಿದ್ದು ಒಳ್ಳೇದಾಯ್ತು" ಎಂದು ಒಳಗೆ ಹೋದರು.

ಅಮ್ಮ ಬಂದು ಪಕ್ಕದಲ್ಲಿ ಕೂತಳು. ಗಿರಗಿಟ್ಲೆ ಬಯ್ಗುಳಕ್ಕೆ ಕಾದಳು. ಬಯ್ಗುಳ ಬರಲಿಲ್ಲ. ಅದು ಬಯ್ಗುಳಕ್ಕಿಂತ ಕಷ್ಟವಾಗಿತ್ತು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದಳು ಅಮ್ಮ ಕೊನೆಗೆ.

"ಕೇಳಿದ್ರೆ ನೀನು ಹೋಮ್‌ವರ್ಕ್ ಮಾಡು ಅಂತಿದ್ದೆ."

ಅಮ್ಮ ಕೋಟಿನ ಗುಂಡಿ ತಿರುವಿದಳು. "ಅಂತಿದ್ನೇನೋ" ಎಂದಳು.

"ಸರಿಯಾದ ಎಲೆನೇ ಕೊಟ್ಟಿದ್ರೆ ತಾತ ವಾಸಿ ಆಗ್ತಿದ್ರಾ, ಅಮ್ಮಾ?"

"ಗೊತ್ತಿಲ್ಲ."

"ಗೊತ್ತಿಲ್ವಾ? ನಿಂಗೇ ಗೊತ್ತಿಲ್ವಾ?" ಗಿರಗಿಟ್ಲೆಗೆ ನಂಬಲಾಗಲಿಲ್ಲ. "ಬಣ್ಣ ಹೋಯ್ತಲ್ಲ!"

"ನಳಿಕೆಯಲ್ಲಿ ಹೋಯ್ತು. ನಳಿಕೆಗೆ ಹೊಟ್ಟೆ ಇಲ್ಲ, ರಕ್ತ ಇಲ್ಲ, ಅದು ಮಾತ್ರೆನೂ ತಗೊಳ್ಳಲ್ಲ. ತಾತನ ಮೈಯೊಳಗೆ ಹೋದ್ಮೇಲೆ ಆ ಎಲೆ ಅದೇ ಕೆಲಸ ಮಾಡುತ್ತಾ, ಬೇರೆ ಏನಾದ್ರೂ ಮಾಡುತ್ತಾ, ಎಷ್ಟು ಕೊಟ್ರೆ ಒಳ್ಳೇದು, ಎಷ್ಟು ಕೊಟ್ರೆ ಕೆಟ್ಟದ್ದು? ಇದ್ಯಾವುದೂ ನಮಗಿನ್ನೂ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋಕೇ ದಿನಾ ಲ್ಯಾಬಿಗೆ ಹೋಗೋದು."

"ಯಾವಾಗ ಗೊತ್ತಾಗುತ್ತೆ?"

"ವರ್ಷಗಟ್ಟಲೆ ಆಗಬಹುದು. ಕೊನೆಗೆ ಏನೂ ಪ್ರಯೋಜನ ಇಲ್ಲ ಅಂತಾನೂ ಗೊತ್ತಾಗಬಹುದು."

"ಅಷ್ಟು ನಿಧಾನಾನಾ?"

"ಅಷ್ಟು ನಿಧಾನ" ಎಂದಳು ಅಮ್ಮ. ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು, ಇನ್ನೊಂದು ತೋಳಿನಿಂದ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೋಟಿಗೆ ಎಲೆಯ ವಾಸನೆ ಇತ್ತು, ಸ್ಪಿರಿಟ್ಟಿನ ವಾಸನೆಯೂ ಇತ್ತು. ಗಿರಗಿಟ್ಲೆ ಅದರೊಳಗೆ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

* * *

ಸಂಜೆಯ ಹೊತ್ತಿಗೆ ತಾತ ಕಣ್ಣು ಬಿಟ್ಟರು. ಹಸಿರು ಗೆರೆ ಈಗ ಕುಂಟುತ್ತಿರಲಿಲ್ಲ. ಅಮ್ಮ ಕೌಂಟರಿನ ಹತ್ತಿರ ಡಾಕ್ಟರಮ್ಮನ ಜೊತೆ ಮಾತಾಡುತ್ತಿದ್ದಳು. ಮಂಚದ ಪಕ್ಕ ಗಿರಗಿಟ್ಲೆ ಒಬ್ಬಳೇ ಇದ್ದಳು.

"ಗುಟ್ಟು ಬಿಟ್ಟುಕೊಟ್ಟೆಯಲ್ಲೇ" ಎಂದರು ತಾತ. ದನಿ ಹತ್ತಿಯಷ್ಟು ಮೆತ್ತಗಿತ್ತು.

"ನೀನ್ಯಾಕೆ ಸುಳ್ಳು ಹೇಳಿದ್ದು?"

ತಾತ ಹೊದಿಕೆಯ ಅಂಚು ಸರಿಮಾಡಿಕೊಂಡರು. "ಹೇಳಬಾರದಾಗಿತ್ತು" ಎಂದರು. "ಬಾಯೆಲ್ಲ ಒಣಗಿದೆ ಪುಟ್ಟಿ. ಒಂದು ಲೋಟ ನೀರು ಕೊಡು."

ನೀರಿನ ಜಗ್ಗು ಪಕ್ಕದ ಸ್ಟ್ಯಾಂಡಿನ ಮೇಲೆಯೇ ಇತ್ತು, ಲೋಟವೂ ಇತ್ತು. ಗಿರಗಿಟ್ಲೆ ಚಂಗನೆ ಎದ್ದು ಜಗ್ಗಿಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು.

"ಬಂದೆ ಇರು ತಾತ."

ವಾರ್ಡಿನ ಆ ತುದಿಯಲ್ಲಿ ಸಿಸ್ಟರ್ ಒಬ್ಬ ಅಜ್ಜಿಯ ಕೈಗೆ ಬ್ಯಾಂಡೇಜು ಸುತ್ತುತ್ತಿದ್ದರು. ಗಿರಗಿಟ್ಲೆ ಹೋಗಿ ಪಕ್ಕದಲ್ಲಿ ನಿಂತಳು. "ಸಿಸ್ಟರ್, ಸಿಸ್ಟರ್" ಎಂದು ಸೆರಗು ಜಗ್ಗಲಿಲ್ಲ. ಬ್ಯಾಂಡೇಜು ಒಂದು ಸುತ್ತು, ಇನ್ನೊಂದು ಸುತ್ತು ಬಂತು. ಕತ್ತರಿ ಸಿಗಲಿಲ್ಲ, ಹುಡುಕಿದರು. ಅಂಟು ಪಟ್ಟಿ ಹಚ್ಚಿದರು. ಅಜ್ಜಿ ತಮ್ಮ ಸೊಸೆಯ ಮೇಲೆ ಒಂದು ಉದ್ದದ ದೂರು ಹೇಳಿದರು. ಗಿರಗಿಟ್ಲೆಯ ಕಾಲ್ಬೆರಳುಗಳು ಚಪ್ಪಲಿಯೊಳಗೇ ಕುಣಿದವು. ಆದರೂ ನಿಂತೇ ಇದ್ದಳು.

"ಏನಮ್ಮಾ?" ಸಿಸ್ಟರ್ ತಿರುಗಿದರು.

"ತಾತ ನೀರು ಕೇಳ್ತಿದಾರೆ. ಕೊಡಬಹುದಾ?"

"ಲೋಟಗಟ್ಟಲೆ ಬೇಡ. ಒಂದೆರಡು ಚಮಚ ಕೊಡು. ತಲೆ ಸ್ವಲ್ಪ ಎತ್ತಿ, ನಿಧಾನಕ್ಕೆ."

ಗಿರಗಿಟ್ಲೆ ದಿಂಬು ಎತ್ತರ ಮಾಡಿದಳು. ಚಮಚಕ್ಕೆ ನೀರು ಬಗ್ಗಿಸಿ, ಒಂದು ಹನಿಯೂ ಚೆಲ್ಲದ ಹಾಗೆ ತಾತನ ತುಟಿಗೆ ಹಿಡಿದಳು.

ತಾತ ಚಪ್ಪರಿಸಿದರು. "ಇಷ್ಟೇನಾ? ಇನ್ನೂ ಹಾಕೇ."

"ತಡಿ ತಾತ" ಎಂದಳು ಗಿರಗಿಟ್ಲೆ. ಅವಳ ಕಣ್ಣು ತಾತನ ಗಂಟಲ ಮೇಲೆಯೇ ಇತ್ತು. "ಮೊದಲನೇದು ಇಳೀಲಿ."